ಹಳೇ ಮೆಕ್ 600 ಜೂನಿಯರ್, ಜೊತೆಗೆ ಒಂದು ಹರ್ಟರ್ಸ್ ಪ್ರೆಸ್ ಸಿಕ್ಕಿದೆ, ಪಾರ್ಟ್ಸ್ ಎಲ್ಲಿ ಸಿಗತ್ತೆ?

ಸಕಲೇಶಪುರದವ

ಎಲ್ರಿಗೂ ನಮಸ್ಕಾರ. ನಾನಿರೋದು ಮಿನೆಸೋಟಾದಲ್ಲಿ, ವೀಕೆಂಡಲ್ಲಿ ಇಲ್ಲೇ ಕ್ಲಬ್ಬಿಗೆ ಹೋಗಿ ಟ್ರ್ಯಾಪ್ (ಹಾರೋ ಮಣ್ಣಿನ ಬಿಲ್ಲೆಗೆ ಕೋವಿಯಿಂದ ಹೊಡಿಯೋ ಆಟ) ಹೊಡೀತೀನಿ, 12 ಗೇಜ್ (ನಳಿಗೆ ಅಳತೆ). ಪಕ್ಕದ್ಮನೆ ಅಜ್ಜ ಹೋದ ವರ್ಷ ತೀರ್ಕೊಂಡ್ರು, ಈಗ ಅವರ ಮನೆಯವ್ರು ಗ್ಯಾರೇಜ್ ಖಾಲಿ ಮಾಡ್ತಾ ನನ್ನ ಕರ್ದು ನೀನು ಶೂಟ್ ಮಾಡ್ತೀಯಲ್ಲ ತಗೊಂಡೋಗು ಅಂತ ಎರಡು ಮಷೀನ್ ಕೊಟ್ರು. ಒಂದು ಮೆಕ್ 600 ಜೂನಿಯರ್, ತೋಟಾ ಮತ್ತೆ ತುಂಬೋದು. ಇನ್ನೊಂದು ಹರ್ಟರ್ಸ್ ಪ್ರೆಸ್, ರೈಫಲ್ ಗುಂಡಿನ ಖಾಲಿ ಕೇಸ್ ಮತ್ತೆ ತುಂಬೋಕೆ, ಒಬ್ನೇ ಎತ್ತೋಕೆ ಕಷ್ಟ ಅಷ್ಟು ಭಾರ.

ಮೆಕ್ ಸ್ಥಿತಿ ಹೇಳ್ತೀನಿ. ಮದ್ದಿನ ಬಾಟಲ್, ಚರೆ (ಸೀಸದ ಸಣ್ಣ ಗುಂಡು) ಬಾಟಲ್ ಎರಡೂ ಹಳದಿ ತಿರುಗಿದೆ, ಒಂದರ ಒಳಗೆ ಮಂಜು ಕವಿದ ಹಾಗಾಗಿದೆ, ತಳದಲ್ಲಿ ಎರಡು ಬೆರಳಷ್ಟು ಮದ್ದು ಇನ್ನೂ ಇದೆ, ಯಾವುದು ಅಂತ ಚೀಟಿ ಗೀಟಿ ಏನೂ ಇಲ್ಲ. ಮದ್ದು, ಚರೆ ಅಳೆದು ಬೀಳಿಸೋ ಚಾರ್ಜ್ ಬಾರ್ ತಳ್ಳಿದ್ರೆ ಅರ್ಧಕ್ಕೆ ನಿಲ್ಲತ್ತೆ. ವಾಡ್ ಗೈಡ್‌ದು (ಮದ್ದಿಗೂ ಚರೆಗೂ ನಡುವೆ ಕೂರೋ ವಾಡನ್ನ ತೋಟಾಗೆ ಇಳಿಸೋದು) ಪ್ಲಾಸ್ಟಿಕ್ ಬೆರಳು ಒಂದು ಮುರಿದಿದೆ, ಉಳಿದವು ಹೊರಗೆ ಬಾಗಿವೆ. ಬಾಟಲ್ ಬುಡದಿಂದ ಮದ್ದಿನ ಕಣ ಬೇಸಿಗೆ ಉದುರ್ತಾ ಇದೆ. ಹರ್ಟರ್ಸ್‌ದು ರ್ಯಾಮ್ (ಮೇಲೆ ಕೆಳಗೆ ಓಡೋ ದಪ್ಪ ಕಂಬಿ) ಅಲ್ಲಾಡ್ತಾನೇ ಇಲ್ಲ, ಅದರ ತಲೆ ಮೇಲೆ ಕೇಸ್ ಹಿಡಿಯೋ ಶೆಲ್ ಹೋಲ್ಡರ್ ಕಳೆದುಹೋಗಿದೆ.

ಇವನ್ನ ಮತ್ತೆ ಕೆಲಸಕ್ಕೆ ತರಬಹುದಾ ಇಲ್ಲ ಶೋಗೆ ಇಡೋದಾ? ಪಾರ್ಟ್ಸ್ ಎಲ್ಲಿ ಹುಡುಕಲಿ? ಅಜ್ಜ ಇವನ್ನ ತುಂಬಾ ಜೋಪಾನವಾಗಿ ಇಟ್ಕೊಂಡಿದ್ರು, ಸುಮ್ನೆ ಗುಜರಿಗೆ ಹಾಕೋಕೆ ಮನಸ್ಸಿಲ್ಲ.

ಧಾರವಾಡ ಟೂಲ್‌ರೂಮ್

ಗುಜರಿಗೆ ಹಾಕಬ್ಯಾಡ್ರಿ ಸರ್, ಎರಡೂ ಏಳ್ತಾವ. ನಾನು ವಿಸ್ಕಾನ್ಸಿನ್‌ದಾಗ ಟೂಲ್ ಆಂಡ್ ಡೈ ಕೆಲಸ ಮಾಡ್ತೀನಿ, ಇಂಥವು ಭಾಳ ನೋಡೀನಿ.

ಮೊದಲ ಆ ಬಾಟಲ್‌ದಾಗಿನ ಮದ್ದು. ಹೆಸರು ಗೊತ್ತಿಲ್ಲದ ಮದ್ದು ಯಾವ ಕಾರಣಕ್ಕೂ ಬಳಸಬ್ಯಾಡ್ರಿ, ಬಣ್ಣ ನೋಡಿ ಇದು ಇಂಥಾದ್ದು ಅಂತ ಯಾರರ ಹೇಳಿದ್ರೂ ನಂಬಬ್ಯಾಡ್ರಿ, ಕಣ್ಣಿಗೆ ಒಂದೇ ಥರ ಕಾಣೋ ಎರಡು ಮದ್ದಿನ ಉರಿಯೋ ವೇಗ ಪೂರಾ ಬ್ಯಾರೆ ಇರ್ತೈತಿ. ವಿಲೇವಾರಿ ಹೆಂಗ ಅಂತ ಕ್ಲಬ್‌ನ್ಯಾಗ ಇಲ್ಲಾ ಊರಿನ ಫೈರ್ ಡಿಪಾರ್ಟ್‌ಮೆಂಟ್‌ನ್ಯಾಗ ಕೇಳ್ರಿ. ಬಾಟಲ್ ಮಂಜಾಗಿದ್ದು ಅದಕ್ಕ. ಡಬಲ್ ಬೇಸ್ ಮದ್ದಿನಾಗ ನೈಟ್ರೋಗ್ಲಿಸರಿನ್ ಇರ್ತೈತಿ, ತಿಂಗಳಾನುಗಟ್ಟಲೆ ಹಂಗ ಬಿಟ್ರ ಪ್ಲಾಸ್ಟಿಕ್ ತಿಂತೈತಿ. ಬಾಟಲ್ ಹೊಸಾದು ತಗೋರಿ, ಮುಂದ ಕೆಲಸ ಮುಗಿದ ಕೂಡ್ಲೇ ಮದ್ದು ತಿರುಗಿ ಅದರ ಮೂಲ ಡಬ್ಬಿಗೆ ಹಾಕ್ರಿ. ಪ್ರೈಮರ್ ಟ್ರೇ, ಟ್ಯೂಬ್ ಒಳಗ ಜೀವಂತ ಪ್ರೈಮರ್ (ಹೊಡೆತಕ್ಕ ಸಿಡಿದು ಮದ್ದಿಗೆ ಕಿಡಿ ಕೊಡೋ ಸಣ್ಣ ಬಟ್ಟಲು) ಸಿಕ್ಕೊಂಡಿರಬಹುದು, ಕಡ್ಡಿ ಹಾಕಿ ಕುಟ್ಟಬ್ಯಾಡ್ರಿ, ಚೆಲ್ಲಿದ ಮದ್ದಿಗೆ ವ್ಯಾಕ್ಯೂಮ್ ಕ್ಲೀನರ್ ಹಚ್ಚಬ್ಯಾಡ್ರಿ, ಬ್ರಷ್‌ಲೇ ಎತ್ತ್ರಿ.

ಆಮ್ಯಾಲ ಚಾರ್ಜ್ ಬಾರ್. ಅದು ಅರ್ಧಕ್ಕ ನಿಲ್ತೈತಿ ಅಂದ್ರ ನನ್ನ ಅಂದಾಜು ಬಾರ್ ಮತ್ತ ಮೇಲಿನ ಎರಕದ ನಡುವ ಚರೆ ಸಿಕ್ಕು ಕತ್ತರಿಸಿ ಸೀಸ ಮೆತ್ಕೊಂಡೈತಿ. ಬಾರ್ ಹೊರಗ ಎಳೆದು ಬೆಳಕಿಗೆ ಓರೆ ಹಿಡೀರಿ, ಬೂದು ಬಣ್ಣದ ಹೊಳಪಿನ ಪಟ್ಟಿ ಕಾಣ್ತೈತಿ. ಅದನ್ನ ಗಟ್ಟಿ ಪ್ಲಾಸ್ಟಿಕ್ ಚೂರು ಇಲ್ಲಾ ಹಿತ್ತಾಳಿ ಬ್ರಷ್‌ಲೇ ತಗೀರಿ. ಅರ ಮುಟ್ಟಿಸಬ್ಯಾಡ್ರಿ. ಬಾರ್‌ನ ತೂತಿನ ಗಾತ್ರಾನ ಅಳತಿ, ತೂತಿನ ಅಂಚು ಒಂದೀಟು ಸವೆಸಿದ್ರೂ ಬೀಳೋ ಚರೆ ಬ್ಯಾರೆ ಆಗ್ತೈತಿ. ಬಾರ್‌ಗೆ ಎಣ್ಣಿ ಹಾಕಬ್ಯಾಡ್ರಿ, ಒಣಾನ ಇರಲಿ. ಎಣ್ಣಿ ಇದ್ದಲ್ಲಿ ಮದ್ದು ಅಂಟಿ ಗುಂಪಾಗ್ತೈತಿ, ಪ್ರೈಮರ್ ಕೆಡ್ತೈತಿ. ಗ್ರೀಸ್ ಬೇಕಾದ್ದು ಕಂಬಕ್ಕ ಮತ್ತ ಹ್ಯಾಂಡಲ್‌ನ ಪಿವಟ್‌ಗೆ, ಅದೂ ಬಟ್ಟಿಲೇ ಒರೆಸಿದಷ್ಟು ತೆಳ್ಳಗ.

ಬುಡದಿಂದ ಮದ್ದು ಉದುರೋದು ರಬ್ಬರ್ ಗ್ರೋಮೆಟ್ ಒಣಗಿ ಗಟ್ಟಿ ಆಗಿದ್ದಕ್ಕ. ಅಗ್ಗದ ಪಾರ್ಟು, ಇದ್ದಬಿದ್ದ ರಬ್ಬರ್ ಕತ್ತರಿಸಿ ಕೂಡಿಸೋಕಿಂತ ಸರಿಯಾದ್ದ ತರಸ್ರಿ.

ಅನು, ಇಲಿನಾಯ್

ಟೂಲ್‌ರೂಮ್ ಸರ್ ಹೇಳಿದ್ದಕ್ಕೆಲ್ಲ ನನ್ನದೂ ಒಪ್ಪಿಗೆ. ನಾನೂ ನಮ್ಮನೆಯವ್ರೂ ಸ್ಕೀಟ್ (ಟ್ರ್ಯಾಪ್ ಥರದ್ದೇ ಇನ್ನೊಂದು ಆಟ) ಹೊಡೀತೀವಿ, ನಮ್ಮ ಬೆಂಚ್ ಮೇಲಿರೋದೂ ಮೆಕ್ಕೇ.

ಸಕಲೇಶಪುರ ಅವ್ರೇ ನಿಮ್ಮ ಎರಡು ಮಷೀನ್ ಎರಡು ಬೇರೆ ಕಥೆ. ಮೆಕ್ ಅಂದ್ರೆ ಮೇವಿಲ್ ಎಂಜಿನಿಯರಿಂಗ್, ವಿಸ್ಕಾನ್ಸಿನ್ನಿನ ಮೇವಿಲ್ ಊರಿಂದು, 1945ರಲ್ಲಿ ಶುರುವಾಗಿದ್ದು. 600 ಜೂನಿಯರ್ ಎಷ್ಟೋ ದಶಕದಿಂದ ಹೆಚ್ಚು ಕಮ್ಮಿ ಅದೇ ಅಚ್ಚಲ್ಲಿ ಬರ್ತಾ ಇರೋದ್ರಿಂದ ವಾಡ್ ಗೈಡ್, ಗ್ರೋಮೆಟ್, ಬಾಟಲ್, ಸ್ಪ್ರಿಂಗು, ಬುಶಿಂಗು (ಮದ್ದಿನ ಅಳತೆ ಕೂರಿಸೋ ಬಳೆ) ಎಲ್ಲ ಹೊಸಾದೇ ಸಿಗತ್ತೆ, ಬಿಡಿಸಿಟ್ಟ ಚಿತ್ರದ ಮೇಲೆ ಪಾರ್ಟ್ ನಂಬರ್ ಇರೋ ಮ್ಯಾನ್ಯುಯಲ್ಲೂ ಸಿಗತ್ತೆ, ಅದನ್ನ ಪ್ರಿಂಟ್ ತೆಗ್ದು ನಂಬರ್ ನೋಡೇ ಆರ್ಡರ್ ಮಾಡಿ, ಫೋಟೋ ನೋಡಿ ಮಾಡ್ಬೇಡಿ, ಗೇಜ್ ಬದಲಾದ್ರೆ ವಾಡ್ ಗೈಡ್ ಬದಲಾಗತ್ತೆ ಆದ್ರೆ ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣತ್ತೆ. ತೋಟಾ ಬಾಯಿ ಮಡಚೋಕೆ ಶುರು ಮಾಡೋ ಕ್ರಿಂಪ್ ಸ್ಟಾರ್ಟರಲ್ಲೂ 6 ಮಡಿಕೆ 8 ಮಡಿಕೆ ಅಂತ ಇದೆ, ನಿಮ್ಮ ಖಾಲಿ ಹಲ್ (ತೋಟಾ ಕೊಳವೆ) ಬಾಯಲ್ಲಿ ಎಷ್ಟು ಮಡಿಕೆ ಗುರುತಿದೆ ಎಣಿಸಿ ಅದಕ್ಕೆ ಸರಿಯಾಗಿ ತಗೊಳ್ಳಿ, ಇಲ್ಲಾಂದ್ರೆ ನಡುವೆ ತೂತು ಬಿಟ್ಟು ಚರೆ ಉದುರತ್ತೆ.

ಹರ್ಟರ್ಸ್ ಹಾಗಲ್ಲ. ಅದು ನಿಮ್ಮ ಮಿನೆಸೋಟಾದ್ದೇ, ವಸೀಕಾ ಊರಿಂದು. ಕ್ಯಾಟಲಾಗ್ ಕಳ್ಸಿ ಅಂಚೇಲಿ ಮಾರ್ತಿದ್ದ ಕಂಪನಿ, 1968ರ ಗನ್ ಕಂಟ್ರೋಲ್ ಆಕ್ಟ್ ಬಂದು ಅಂಚೆಯಲ್ಲಿ ಬಂದೂಕು ಮಾರೋದು ನಿಂತ ಮೇಲೆ ಅವರಿಗೆ ದೊಡ್ಡ ಪೆಟ್ಟು ಬಿತ್ತು, ಆಮೇಲೆ ಮುಚ್ಚೇ ಹೋಯ್ತು. ಈಗ ಆ ಹೆಸರಲ್ಲಿ ಏನಾದ್ರೂ ಕಂಡ್ರೆ ಅದು ಹೆಸರು ಮಾತ್ರ, ಹಳೇ ಪ್ರೆಸ್ಸಿಗೆ ಪಾರ್ಟ್ ಕೊಡೋರು ಅವರಲ್ಲ. ಇಂಥದ್ದಕ್ಕೆ ಒಂದೇ ದಾರಿ, ಕೆಟ್ಟುಹೋದ ಇನ್ನೊಂದು ಅದೇ ಮಾಡಲ್ ಪ್ರೆಸ್ ಕಮ್ಮಿಗೆ ತಗೊಂಡು ಪಾರ್ಟ್ಸಿಗೆ ಇಟ್ಕೊಳ್ಳೋದು. ಬಿಡಿ ಬಿಡಿಯಾಗಿ ಹುಡುಕೋಕೆ ಹೋದ್ರೆ ಒಂದು ಪಿನ್ನಿಗೆ ಕೇಳೋ ದುಡ್ಡಲ್ಲಿ ಅರ್ಧ ಪ್ರೆಸ್ ಬರತ್ತೆ. ನಿಮ್ಮ ಕಡೆ ಎಸ್ಟೇಟ್ ಸೇಲ್, ಹರಾಜಲ್ಲಿ ನೋಡ್ತಾ ಇರಿ, ಅದರ ತವರೂರಲ್ವಾ, ಬೇರೆ ಕಡೆಗಿಂತ ಅಲ್ಲೇ ಸಿಗೋ ಚಾನ್ಸ್ ಜಾಸ್ತಿ. ಆಗಸ್ಟಲ್ಲಿ ಇಲ್ಲಿ ಸ್ಪಾರ್ಟಾದಲ್ಲಿ ಗ್ರ್ಯಾಂಡ್ ಅಮೆರಿಕನ್ ಟ್ರ್ಯಾಪ್ ಶೂಟ್ ಆಗತ್ತೆ, ಅಲ್ಲಿ ವೆಂಡರ್ ಸಾಲು ಸುತ್ತೋದಲ್ದೆ ಟೆಂಟ್ ಹಾಕಿರೋ ಹಿರಿಯರ ಹತ್ರ ಕೂತು ಮಾತಾಡಿ, ಯಾರ ಗ್ಯಾರೇಜಲ್ಲಿ ಏನು ಬಿದ್ದಿದೆ ಅನ್ನೋದು ಅವರಿಗೆ ಗೊತ್ತಿರೋಷ್ಟು ಇಂಟರ್ನೆಟ್ಟಿಗೆ ಗೊತ್ತಿಲ್ಲ.

ಇನ್ನೊಂದು ಮಾತು. 12 ಗೇಜಲ್ಲಿ ದುಡ್ಡು ಉಳಿಸ್ತೀನಿ ಅಂತ ಲೆಕ್ಕ ಹಾಕ್ಬೇಡಿ, ಅಂಗಡಿ ತೋಟಾಗೂ ಇದಕ್ಕೂ ಅಂಥ ವ್ಯತ್ಯಾಸ ಬರಲ್ಲ. ಸಣ್ಣ ನಳಿಗೆಯ 28 ಗೇಜ್, 410 ಹೊಡೆಯೋರಿಗೆ ನಿಜವಾಗ್ಲೂ ಉಳಿಯತ್ತೆ. ನಿಮಗೆ ಬೇಕಾದ ಹಾಗೆ ಹಗುರ ಲೋಡ್ ಮಾಡ್ಕೊಬಹುದು ಅನ್ನೋದೇ 12ರಲ್ಲಿ ಲಾಭ. ಮನೇಲಿ ಮಕ್ಕಳು ಸ್ಕೂಲ್ ಟ್ರ್ಯಾಪ್ ಟೀಮಲ್ಲಿದ್ರೆ ನೀವು ತುಂಬಿದ್ದು ಅವರಿಗೆ ಕೊಡೋ ಮುಂಚೆ ಕೋಚ್ ಹತ್ರ ಕೇಳಿ, ನಮ್ಮ ಮಗನ ಟೀಮಲ್ಲಿ ಬಿಡ್ತಿರಲಿಲ್ಲ.

ಮಡಿಕೇರಿ ಮಳೆ

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮನೇಲಿ ತೋಟಾ ಕೋವಿ ಇದೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇರೋ ಲೈಸೆನ್ಸ್ ವಿನಾಯಿತಿಯದ್ದು. ಇಂಥ ಮಷೀನ್ ಅಲ್ಲಿಂದ ಯಾರಾದ್ರೂ ಬರೋವಾಗ ತರಿಸ್ಕೊಂಡ್ರೆ ಇಲ್ಲಿ ನಾವೇ ತುಂಬಬಹುದಾ?

ಧಾರವಾಡ ಟೂಲ್‌ರೂಮ್

ಬ್ಯಾಡ್ರಿ. ಕೊಡಗಿನ ವಿನಾಯಿತಿ ಕೋವಿ ಇಟ್ಕೊಳ್ಳಾಕ, ಹೊತ್ಕೊಂಡು ಓಡಾಡಾಕ ಲೈಸೆನ್ಸ್ ಬ್ಯಾಡ ಅನ್ನೋದು, ಅದನ್ನ 2019ರಾಗ ಕೇಂದ್ರ ಸರಕಾರ 2029ರ ತನಕ ಮುಂದುವರಿಸೈತಿ. ತೋಟಾ ತಯಾರಿಸೋದು ಬ್ಯಾರೆ ವಿಷಯ, 1959ರ ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಡಿಸಿ ಆಫೀಸ್‌ನ್ಯಾಗ ಬರವಣಿಗಿಲೇ ಕೇಳದ ಒಂದು ಸ್ಕ್ರೂ ಸೈತ ತರಸಬ್ಯಾಡ್ರಿ. ಈ ಥ್ರೆಡ್‌ನ್ಯಾಗ ನಾವು ಮಾತಾಡ್ತಿರೋದೆಲ್ಲ ಅಮೆರಿಕಾದಾಗ ಇರೋರಿಗೆ.

ಈಗ ಹರ್ಟರ್ಸ್. ರ್ಯಾಮ್ ಹಿಡಿದೈತಿ ಅಂದ ಕೂಡ್ಲೇ ತುಕ್ಕು ಅನ್ಕೋಬ್ಯಾಡ್ರಿ, ಹೆಚ್ಚಾಗಿ ಅದು ಹಳೇ ಗ್ರೀಸ್ ಒಣಗಿ ಅಂಟಾಗಿದ್ದು. ಪೆನೆಟ್ರೇಟಿಂಗ್ ಆಯಿಲ್ ಮ್ಯಾಲಿಂದ ಕೆಳಗಿಂದ ಬಿಟ್ಟು ಒಂದು ರಾತ್ರಿ ಇಡ್ರಿ, ಮರುದಿನ ಹೇರ್ ಡ್ರೈಯರ್‌ಲೇ ಫ್ರೇಮ್ ಬಿಸಿ ಮಾಡಿ ಹ್ಯಾಂಡಲ್ ಮೆಲ್ಲಕ ಹಿಂದ ಮುಂದ ಆಡಸ್ರಿ. ಸುತ್ತಿಗಿ ಬೇಕಾದ್ರ ನಡುವ ಕಟ್ಟಿಗಿ ತುಂಡು ಇಡ್ರಿ, ರ್ಯಾಮ್ ತಲಿ ಮ್ಯಾಲ ನೇರ ಹೊಡೆದ್ರ ಶೆಲ್ ಹೋಲ್ಡರ್ ಕೂಡೋ ಜಾಗ ಕೆಡ್ತೈತಿ.

ಬಿಚ್ಚಿದ ಮ್ಯಾಲ ಬಿರುಕು ನೋಡ್ರಿ, ಇದು ಬೀಡು ಕಬ್ಬಿಣ. ಫ್ರೇಮ್ ಪೂರಾ ಒರೆಸಿ, ಹ್ಯಾಂಡಲ್ ಪಿವಟ್ ಸುತ್ತ ಮತ್ತ ಫ್ರೇಮ್ ಬಾಗೋ ಜಾಗದಾಗ ಸೀಮೆಎಣ್ಣಿ ಹಚ್ಚಿ ಸ್ವಲ್ಪ ಹೊತ್ತು ಬಿಡ್ರಿ, ಒಣ ಬಟ್ಟಿಲೇ ಚಲೋತ್ನಾಗ ಒರೆಸ್ರಿ, ಅದರ ಮ್ಯಾಲ ಸೀಮೆಸುಣ್ಣದ ಪುಡಿ ಉದುರಸ್ರಿ. ಬಿರುಕು ಇದ್ರ ಒಳಗ ಕುಂತ ಸೀಮೆಎಣ್ಣಿ ಹೊರಗ ಬಂದು ಬಿಳಿ ಪುಡಿ ಮ್ಯಾಲ ಕೂದಲೆಳಿಯಂಥ ಕಪ್ಪು ಗೆರಿ ಮೂಡ್ತೈತಿ. ಗೆರಿ ಬಂದ್ರ ಆ ಫ್ರೇಮ್ ಶೋಕೇಸ್‌ಗೆ ಅಷ್ಟ, ವೆಲ್ಡಿಂಗ್ ಮಾಡಿಸಿ ಬಳಸಬ್ಯಾಡ್ರಿ. ಡೈ (ಕೇಸ್‌ಗೆ ಆಕಾರ ಕೊಡೋ ಅಚ್ಚು) ಕೂಡೋ ಥ್ರೆಡ್ ಅಳೀರಿ, 7/8-14 (7/8 ಇಂಚು ದಪ್ಪ, ಇಂಚಿಗೆ 14 ಸುತ್ತು) ಇದ್ರ ಇವತ್ತಿನ ಸಾಮಾನ್ಯ ಡೈ ಎಲ್ಲಾ ಕೂಡ್ತಾವ, ಅಲ್ಲಿಗೆ ಅರ್ಧ ಚಿಂತಿ ಮುಗೀತು. ಶೆಲ್ ಹೋಲ್ಡರ್ ಮಾತ್ರ ಹರ್ಟರ್ಸ್‌ದು ಅವರದ ನಮೂನಿ ಇರ್ತಿತ್ತು. ಈಗಿನ ಸ್ಟ್ಯಾಂಡರ್ಡ್ ಹೋಲ್ಡರ್ ಕೂಡಸಾಕ ಅಡಾಪ್ಟರ್ ಸೆಕೆಂಡ್ ಹ್ಯಾಂಡ್‌ನ್ಯಾಗ ಸಿಗ್ತಾವ, ಸಿಗಲಿಲ್ಲಾಂದ್ರ ಅಳತಿ ಕಳಸ್ರಿ, ಲೇತ್ ಮ್ಯಾಲ ಒಂದು ತಿರುವಿ ಕೊಡ್ತೀನಿ. ರ್ಯಾಮ್ ಕೊರೆದು ಬದಲಾಯಿಸೋರು ಅದಾರ, ನನಗ ಅದು ಸರಿ ಬರೂದಿಲ್ಲ, ಒಮ್ಮೆ ಕೊರೆದ್ರ ಮೂಲ ಹೋಲ್ಡರ್ ಸಿಕ್ಕರೂ ಕೂಡಂಗಿಲ್ಲ.

ಸಕಲೇಶಪುರದವ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೀಸ ಮೆತ್ಕೊಂಡಿದ್ದೇ ಆಗಿತ್ತು, ಬಾರ್ ಹೊರಗೆ ತೆಗೆದ ತಕ್ಷಣ ಪಟ್ಟಿ ಕಾಣಿಸ್ತು, ಈಗ ನುಣ್ಣಗೆ ಓಡ್ತಿದೆ. ಮದ್ದು ಫೈರ್ ಡಿಪಾರ್ಟ್‌ಮೆಂಟಿಗೆ ಕೇಳಿ ಕೊಟ್ಟಾಯ್ತು. ವಾಡ್ ಗೈಡು, ಗ್ರೋಮೆಟ್ಟು, ಎರಡು ಬಾಟಲ್ ನಂಬರ್ ನೋಡಿ ಆರ್ಡರ್ ಮಾಡಿ ಹಾಕಿದೀನಿ, ಬೆರಳೆಲ್ಲ ಒಟ್ಟಿಗೆ ಮುಚ್ಕೊಳ್ಳತ್ತೆ, ವಾಡ್ ಹಲ್ ಅಂಚಿಗೆ ತಗುಲದೆ ಇಳಿಯತ್ತೆ. ಹರ್ಟರ್ಸ್ ರ್ಯಾಮೂ ಬಿಡ್ತು, ಸೀಮೆಸುಣ್ಣದ ಟೆಸ್ಟಲ್ಲಿ ಗೆರೆ ಬರಲಿಲ್ಲ, ಥ್ರೆಡ್ 7/8-14. ಅಳತೆ ಮೆಸೇಜ್ ಮಾಡ್ತೀನಿ ಟೂಲ್‌ರೂಮ್ ಸರ್.

ಒಂದು ಡೌಟು. ಬಾರ್ ಮೇಲೆ 1 1/8 ಔನ್ಸ್ ಅಂತಿದೆ, ಬೀಳ್ತಿರೋ ಚರೆ ತೂಗಿದ್ರೆ 480 ಗ್ರೇನ್ ಹತ್ರ ಬರ್ತಿದೆ. ಬಾರ್ ಕೆಟ್ಟಿದೆಯಾ?

ಅನು, ಇಲಿನಾಯ್

ಕೆಟ್ಟಿಲ್ಲ. ಒಂದು ಔನ್ಸ್ 437.5 ಗ್ರೇನ್, ಅಂದ್ರೆ 1 1/8 ಔನ್ಸ್‌ಗೆ 492. ಬಾರ್ ಅಳೆಯೋದು ಗಾತ್ರ, ತೂಕ ಅಲ್ಲ. ಆಂಟಿಮನಿ ಜಾಸ್ತಿ ಇರೋ ಗಟ್ಟಿ ಚರೆ ಅಷ್ಟೇ ಜಾಗದಲ್ಲಿ ಸ್ವಲ್ಪ ಹಗುರ ಬರತ್ತೆ, ಚರೆ ಸೈಜ್ ಬದಲಾದ್ರೂ ಬದಲಾಗತ್ತೆ. ಕಮ್ಮಿ ಬೀಳೋದು ಮಾಮೂಲಿ, 492 ದಾಟಿ ಬಿದ್ರೆ ನಿಲ್ಸಿ ನೋಡಿ. ಸತತವಾಗಿ ಹತ್ತು ಸಲ ಬೀಳಿಸಿ ಒಂದೊಂದೂ ತೂಗಿ, ಒಂದಕ್ಕೊಂದು ಹತ್ರ ಇದ್ರೆ ಬಾರ್ ಸರಿಯಿದೆ ಅಂತ.

ಮುಖ್ಯ ಏನಂದ್ರೆ ಮದ್ದಿಗೂ ಇದೇ. ಬುಶಿಂಗ್ ಚಾರ್ಟಲ್ಲಿ ಇರೋ ಅಂಕಿ ಅಂದಾಜು ಅಷ್ಟೇ, ಹೊಸ ಡಬ್ಬಿ ಒಡೆದಾಗಲೆಲ್ಲ ಸ್ಕೇಲ್ ಮೇಲೆ ಹಾಕಿ. ಹ್ಯಾಂಡಲ್ ಪ್ರತಿ ಸಲ ಒಂದೇ ಥರ ಎಳೀರಿ, ಜೋರಾಗಿ ಕುಕ್ಕಿದ್ರೆ ಮದ್ದು ಅದುರಿ ಒತ್ತಾಗಿ ಕೂತು ಜಾಸ್ತಿ ಬೀಳತ್ತೆ, ಬೆಂಚಿಗೆ ಗಟ್ಟಿಯಾಗಿ ಬೋಲ್ಟ್ ಹಾಕ್ಬೇಕು ಅನ್ನೋದು ಇದಕ್ಕೇ. ಲೋಡ್ ಡೇಟಾ ಅಜ್ಜನ ಹಳೇ ನೋಟ್‌ಬುಕ್ಕಿಂದ ಬೇಡ, ಮದ್ದಿನ ಕಂಪನಿ ಈಗ ಕೊಡ್ತಿರೋದನ್ನೇ ನೋಡಿ, ಹಲ್, ವಾಡ್, ಪ್ರೈಮರ್ ಮೂರೂ ಅದರಲ್ಲಿರೋ ಹಾಗೇ ಇರ್ಬೇಕು, ಒಂದನ್ನ ಬದಲಾಯಿಸಿದ್ರೂ ಪ್ರೆಶರ್ ಬದಲಾಗತ್ತೆ. ಕೆಲಸ ಮುಗಿದ ಮೇಲೆ ಸೋಪ್ ಹಾಕಿ ಕೈ ತೊಳೀರಿ, ಬೆಂಚ್ ಹತ್ರ ತಿಂಡಿ ಕಾಫಿ ಬೇಡ, ಸೀಸದ ಧೂಳು ಕಣ್ಣಿಗೆ ಕಾಣಲ್ಲ.

ಸಕಲೇಶಪುರದವ

ಸರಿ ಅಕ್ಕ. ನೋಟ್‌ಬುಕ್ ಅಜ್ಜಿಗೇ ವಾಪಸ್ ಕೊಡ್ತೀನಿ, ಅವರ ಕೈಬರಹ ಇದೆ ಅದ್ರಲ್ಲಿ. ಸ್ಕೇಲ್ ಡಿಜಿಟಲ್ ತಗೊಳ್ಳಲಾ ಇಲ್ಲ ಹಳೇ ಥರ ಬೀಮ್ ಸ್ಕೇಲಾ?

ಧಾರವಾಡ ಟೂಲ್‌ರೂಮ್

ಬೀಮ್ ಸ್ಕೇಲ್ ತಗೋರಿ, ಜೊತಿಗೆ ಒಂದು ಚೆಕ್ ವೇಟ್ ಸೆಟ್ (ಸ್ಕೇಲ್ ಸರಿ ಐತೇನು ನೋಡೋ ಬಟ್ಟು). ಫ್ಯಾನ್, ಎಸಿ ಗಾಳಿ ತಾಗದ ಕಡೆ ಇಟ್ಟು ಪ್ರತಿ ಸಲ ಶುರು ಮಾಡೋ ಮೊದಲ ಸೊನ್ನಿ ನೋಡ್ಕೋರಿ. ಅಡಾಪ್ಟರ್‌ದು ಅಳತಿ ಕಳಸೋವಾಗ ರ್ಯಾಮ್ ತೂತಿನ ಆಳಾನೂ ಬರೀರಿ, ಅದನ್ನ ಎಲ್ಲಾರೂ ಮರೀತಾರ.