ಎಲೆ ಕತ್ತರಿಸಿದರೆ ಕಣಜ ಬರುತ್ತದಾ?

ಪ್ರಶ್ನೆ:
ಎಲೆಕೋಸಿನ ಮೇಲೆ ಒಂದು ಹುಳು, ಅದರ ಪಕ್ಕದಲ್ಲೇ ಹಳದಿ ಬಣ್ಣದ ಪುಟಾಣಿ ಗೂಡುಗಳ ಗೊಂಚಲು. ಪರತಂತ್ರ ಕಣಜದ (ಹುಳುವಿನ ಮೈಯೊಳಗೆ ಮೊಟ್ಟೆಯಿಡುವ ಕಣಜ) ಮರಿಗಳು ಹುಳುವಿನ ಮೈ ಕೊರೆದು ಹೊರಬಂದು ನೇಯ್ದ ಗೂಡುಗಳಂತೆ. ಹಸಿರು ಎಲೆಯಲ್ಲಿ ಹಸಿರು ಹುಳು ನನ್ನ ಕಣ್ಣಿಗೇ ಬೀಳುವುದಿಲ್ಲ, ಸೊಳ್ಳೆಯಷ್ಟೂ ಇಲ್ಲದ ಕಣಜಕ್ಕೆ ಹೇಗೆ ಸಿಕ್ಕಿತು? ಗಿಡದ ವಾಸನೆ ಹಿಡಿದು ಬರುತ್ತದೆ ಅಂತಾರೆ. ಹಾಗಿದ್ದರೆ ನಾನೇ ಕತ್ತರಿಯಲ್ಲಿ ಎಲೆ ಕತ್ತರಿಸಿದರೂ ಬರಬೇಕಲ್ವಾ?

ಉತ್ತರ 1:
ಕತ್ತರಿಗೆ ಎಂಜಲಿಲ್ಲ, ಅದೇ ತೊಂದರೆ!

ಎಲೆ ಹರಿದ ಕೂಡಲೇ ಬರುವ ಹಸಿ ವಾಸನೆ ಇದೆಯಲ್ಲ, ಹುಲ್ಲು ಕತ್ತರಿಸಿದಾಗ ಬರುವಂಥದ್ದು, ಅದು ಯಾರು ಹರಿದರೂ ಬರುತ್ತದೆ. ಕಣಜಕ್ಕೆ ಅದರಿಂದ ಒಂದಿಷ್ಟು ಸುಳಿವು ಸಿಗಬಹುದು, ಆದರೆ ಹುಳು ಇದೆ ಅನ್ನುವ ಖಾತ್ರಿ ಇಲ್ಲ. 1990ರಲ್ಲಿ ಟರ್ಲಿಂಗ್ಸ್, ಟಮ್ಲಿನ್ಸನ್, ಲೂಯಿಸ್ ಎಂಬ ವಿಜ್ಞಾನಿಗಳು ಮೆಕ್ಕೆಜೋಳದ ಸಸಿಗಳಲ್ಲಿ ಇದನ್ನೇ ನೋಡಿದರು. ಬರೀ ಗೀರಿದ ಎಲೆ ಹೆಚ್ಚೇನೂ ಮಾಡಲಿಲ್ಲ. ಗೀರಿದ ಜಾಗಕ್ಕೆ ಹುಳುವಿನ ಬಾಯಿರಸ ಹಚ್ಚಿದಾಗ, ಕೆಲವು ಗಂಟೆಗಳ ನಂತರ ಸಸಿ ಟರ್ಪೀನ್ ಎಂಬ ವಾಸನೆಯ ಪದಾರ್ಥಗಳನ್ನು ಜಾಸ್ತಿ ಬಿಡತೊಡಗಿತು. ಕಣಜ ಆ ಕಡೆಗೇ ಹೋಯಿತು. ಸಸಿ ಹೀಗೆ ವಾಸನೆ ಬಿಡುವಂತೆ ಮಾಡುವ, ಆ ರಸದಲ್ಲಿರುವ ವಾಲಿಸಿಟಿನ್ ಎಂಬ ಪದಾರ್ಥ ಗೊತ್ತಾದದ್ದು 1997ರಲ್ಲಿ.

ನನಗೆ ಇನ್ನೂ ಮಜಾ ಅನಿಸುವುದು ಬೇರೆ. ಹುಳು ಮುಟ್ಟದ ಎಲೆಗಳೂ ಈ ವಾಸನೆ ಬಿಡುತ್ತವೆ. ಹಾಗಾಗಿ ದೂರದಿಂದ ಇಡೀ ಗಿಡವೇ ಗುರುತು ಸಿಗುತ್ತದೆ. ಹತ್ತಿರ ಬಂದ ಮೇಲೆ ಹುಳುವಿನ ಹಿಕ್ಕೆಯ ವಾಸನೆ ದಾರಿ ತೋರಿಸುತ್ತದೆ.

ಉತ್ತರ 2:
ಯಾವ ಹುಳು ತಿನ್ನುತ್ತಿದೆ ಅನ್ನುವುದೂ ವಾಸನೆಯಲ್ಲಿ ಗೊತ್ತಾಗುತ್ತದೆ. ತಂಬಾಕು ಮತ್ತು ಹತ್ತಿಯಲ್ಲಿ ಹತ್ತಿರದ ಸಂಬಂಧಿಗಳಾದ ಎರಡು ಜಾತಿಯ ಹುಳುಗಳನ್ನು ಬಿಟ್ಟು ನೋಡಿದ್ದಾರೆ (1998). ಕಾರ್ಡಿಯೊಕೈಲಿಸ್ ಎಂಬ ಕಣಜ ತನಗೆ ಬೇಕಾದ ಹುಳು ಕಚ್ಚಿದ ಗಿಡವನ್ನೇ ಆರಿಸಿಕೊಂಡಿತು.

ಪ್ರಶ್ನೆ ಕೇಳಿದವರು:
ಹಾಗಾದರೆ ಆ ವಾಸನೆಯನ್ನೇ ಬಾಟಲಿಯಲ್ಲಿ ತುಂಬಿ ಸಿಂಪಡಿಸಿದರೆ ಕೆಲಸ ಸುಲಭ ಅಲ್ವಾ?

ಉತ್ತರ 1:
ಸುಮ್ನೆ ಸಿಂಪಡಿಸುವುದು ನನಗೆ ಒಪ್ಪಿಗೆಯಿಲ್ಲ. ಕಣಜ ಕಲಿಯುವ ಜೀವಿ. ಹುಳು ಸಿಕ್ಕ ಕಡೆಯ ವಾಸನೆಯನ್ನು ನೆನಪಿಟ್ಟುಕೊಂಡು ಮುಂದೆ ಅದನ್ನೇ ಹುಡುಕುತ್ತದೆ. ವಾಸನೆ ಇದ್ದೂ ಹುಳು ಇಲ್ಲದಿದ್ದರೆ ಅದರ ಸಮಯ ಹಾಳು, ಆಮೇಲೆ ಆ ವಾಸನೆಗೆ ಬೆಲೆಯೂ ಕಡಿಮೆ. ಇನ್ನೊಂದು ವಿಷಯ: ನೀವು ನೋಡಿದ ಹಳದಿ ಗೂಡುಗಳೊಳಗಿನ ಕಣಜದ ಮರಿಗಳ ಮೇಲೇ ಮೊಟ್ಟೆಯಿಟ್ಟು ಅವನ್ನು ಕೊಲ್ಲುವ ಲೈಸಿಬಿಯಾ ಎಂಬ ಮತ್ತೊಂದು ಕಣಜವಿದೆ. ಅದು ಬರುವುದೂ ಎಲೆಕೋಸಿನ ವಾಸನೆ ಹಿಡಿದೇ.