ಘಾಟಿ ಇಳಿಯುವಾಗ ಸರಿ, ಹತ್ತುವಾಗ ಮಿಸ್ಸಿಂಗ್: ನಾಲ್ಕೂ ಇಂಜೆಕ್ಟರ್ ಬದಲಿಸಲೇಬೇಕಾ?

ತೀರ್ಥಹಳ್ಳಿ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು 2016ರ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್, 84 ಸಾವಿರ ಕಿಲೋಮೀಟರ್ ಓಡಿದೆ. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು, ಓಡಿಸುವವಳು ನಾನೇ. ಹಾಗಾಗಿ ಈ ಗಾಡಿ ನನಗೆ ಬರೀ ಗಾಡಿ ಅಲ್ಲ.

ಒಂದೂವರೆ ತಿಂಗಳಿಂದ ತೊಂದರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎರಡು ಮೂರು ನಿಮಿಷ ಇಂಜಿನ್ ಕುಂಟಿದ ಹಾಗೆ ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ಸಂಜೆ ಹೆಬ್ರಿ ಕಡೆಯಿಂದ ವಾಪಸ್ ಬರುವಾಗ, ಸೋಮೇಶ್ವರ ದಾಟಿ ಏರು ಶುರುವಾಯಿತು ಅಂದರೆ ಸಾಕು, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಜಗ್ಗುತ್ತದೆ. ಪಿಕಪ್ ಇಲ್ಲ. ಚೆಕ್ ಇಂಜಿನ್ ದೀಪ ಮಿಣುಕಲು ಶುರುವಾಗುತ್ತದೆ. 14 ತಿರುವಿನ ಘಾಟಿ, ಮಳೆ, ಮಂಜು, ಹಿಂದೆ ಬಸ್ಸಿನವರ ಹಾರ್ನ್, ಪಕ್ಕದಲ್ಲಿ ಅಮ್ಮ. ಕಳೆದ ಸಲ ಒಂದು ತಿರುವಿನಲ್ಲಿ ಗಾಡಿ ನಿಂತೇಹೋಯಿತು. ಅಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ, ಸೀಟಿನ ಅಂಚು ಹಿಡಿದುಕೊಂಡು ಕೂತಿದ್ದರು.

ಮೊದಲು ತೋರಿಸಿದ ಗ್ಯಾರೇಜಿನವರು ನಾಲ್ಕೂ ಪ್ಲಗ್ (ಪೆಟ್ರೋಲಿಗೆ ಕಿಡಿ ಹೊತ್ತಿಸುವುದು) ಬದಲಿಸಿದರು. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಸಿಲಿಂಡರಿಗೆ ಪೆಟ್ರೋಲ್ ಚಿಮುಕಿಸುವ ನಾಲ್ಕೂ ಇಂಜೆಕ್ಟರ್ ಹೊಸದು ಹಾಕಬೇಕು, ಕಂಪ್ಯೂಟರ್ ಕೂಡ ನೋಡಬೇಕು ಅಂತ 26,500 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಅಡಿಕೆ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ, ಈಗ ಕೈಯಲ್ಲಿ ಅಷ್ಟು ದುಡ್ಡಿಲ್ಲ. ಚಿಕ್ಕಪ್ಪನ ಮಗನ ಹತ್ತಿರ ಇದ್ದ ಬ್ಲೂಟೂತ್ ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸಾಧನ) ಹಾಕಿ ನೋಡಿದೆ, ಪಿ0302 ಅಂತ ತೋರಿಸಿತು. ಇಂಜೆಕ್ಟರ್ ಹಾಕಿಸಲೇಬೇಕಾ? ದಯವಿಟ್ಟು ಅನುಭವ ಇರುವವರು ಹೇಳಿ.

ಬೆಂಗಳೂರು_ವೀಕೆಂಡ್

ಇದು ಪೆಟ್ರೋಲ್ ಸಮಸ್ಯೆ ಅನ್ನಿಸುತ್ತೆ ಮೇಡಂ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ನಿಮ್ಮದು 2016ರ ಗಾಡಿ, ಅದಕ್ಕೆ ಅಂತ ಮಾಡಿದ್ದಲ್ಲ. ಎಥನಾಲ್ ನೀರು ಹೀರುತ್ತೆ, ಮಳೆಗಾಲದಲ್ಲಿ ಇನ್ನೂ ಕಷ್ಟ. ಟ್ಯಾಂಕ್ ಖಾಲಿ ಮಾಡಿಸಿ, ಬೇರೆ ಬಂಕಿನಲ್ಲಿ ಹಾಕಿಸಿ ನೋಡಿ.

ಹುಬ್ಬಳ್ಳಿ_ರಸ್ತೆ

ಅಕ್ಕಾರ, ನಮ್ಮ ಗಾಡಿಗೂ ಹಿಂಗ ಆಗಿತ್ತು. ಕಡೀಕ ನೋಡಿದ್ರ ಇಲಿ ಇಂಜೆಕ್ಟರ್ ವೈರ್ ಕಡದಿತ್ತ. ಪೂರ್ತಿ ಕಡದಿರಲಿಲ್ಲ, ಒಳಗಿನ ತಾಮ್ರದ ಎಳಿ ನಾಕೈದು ಉಳದಿದ್ವು. ಅದಕ್ಕ ಒಮ್ಮೆ ಬರ್ತಿತ್ತು, ಒಮ್ಮೆ ಇಲ್ಲ. ತೋಟದ ಮನಿ ಅಂದ್ರ ಇಲಿ ಇರೋದ. ಬಾನೆಟ್ ಎತ್ತಿ, ವೈರ್ ಮ್ಯಾಲಿನ ಟೇಪ್ ಎಲ್ಲೆ ಹರದೈತಿ ನೋಡ್ರಿ. ಇಂಜಿನ್ ಚಾಲೂ ಇಟ್ಟು ಒಂದೊಂದ ಕನೆಕ್ಟರ್ ಮೆಲ್ಲಕ ಅಲ್ಲಾಡಸ್ರಿ, ಯಾವುದಕ್ಕ ಸಪ್ಪಳ ಬದಲಾಗ್ತೈತಿ ಗೊತ್ತಾಗ್ತದ. ಬೆಲ್ಟಿನ ಕಡಿ ಕೈ ಒಯ್ಯಬ್ಯಾಡ್ರಿ, ಸೆರಗು ವೇಲು ಹುಷಾರು.

ಹಾಸನ_ಹಳೇಗ್ಯಾರೇಜ್

ಇಂಜೆಕ್ಟರ್‌ಗೆ ಈಗಲೇ ದುಡ್ಡು ಕೊಡಬೇಡಿ ಕಣಮ್ಮ. ಮೂವತ್ತೊಂದು ವರ್ಷ ಹಾಸನದಲ್ಲಿ ಗ್ಯಾರೇಜ್ ನಡೆಸಿದೀನಿ, ಮಂಡಿ ನೋವು ಬಂದಮೇಲೆ ಮಗನಿಗೆ ಬಿಟ್ಟುಕೊಟ್ಟೆ. ಮಲೆನಾಡಿನ ಗಾಡಿಗಳು ಮಳೆಗಾಲದಲ್ಲಿ ಇದೇ ದೂರು ಹೊತ್ತು ಎಷ್ಟೋ ಬಂದಿವೆ.

ಮೊದಲು ಆ ಕೋಡ್ ಓದೋಣ. ಪಿ0300 ಅಂತ ಬಂದಿದ್ದರೆ ಮಿಸ್ಸಿಂಗ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯದೇ ಇರೋದು, ಒಂದಕ್ಕಿಂತ ಹೆಚ್ಚು ಸಿಲಿಂಡರಿನಲ್ಲಿದೆ, ಇಲ್ಲಾ ಯಾವುದರದು ಅಂತ ಗಾಡಿಗೇ ಗೊತ್ತಾಗಿಲ್ಲ ಅಂತ ಅರ್ಥ. ನಿಮಗೆ ಬಂದಿರೋದು ಪಿ0302. ಕೊನೆಯ ಅಂಕಿ ಸಿಲಿಂಡರ್ ನಂಬರು. ಎರಡನೇದು ಮಾತ್ರ ಕೆಲಸ ತಪ್ಪಿಸ್ತಾ ಇದೆ. ಪೆಟ್ರೋಲ್ ಕೆಟ್ಟಿದ್ದರೆ, ನೀರು ಸೇರಿದ್ದರೆ, ಪಂಪ್ ಸೋತಿದ್ದರೆ ನಾಲ್ಕಕ್ಕೂ ಅದೇ ಗತಿ ಆಗಬೇಕಿತ್ತು. ನಾಲ್ಕಕ್ಕೂ ಒಂದೇ ಪೈಪಿನಿಂದ ತಾನೇ ಪೆಟ್ರೋಲ್ ಹೋಗೋದು? ಅದಕ್ಕೆ ಬೆಂಗಳೂರಿನವರ ಮಾತು ಇಲ್ಲಿಗೆ ಕೂಡಲ್ಲ. ಹುಬ್ಬಳ್ಳಿಯವರು ಹೇಳಿದ್ದು ಕೂಡುತ್ತೆ, ಒಂದೇ ಇಂಜೆಕ್ಟರಿನ ವೈರ್ ಹೋಗಿದ್ದರೆ ಒಂದೇ ಸಿಲಿಂಡರ್ ಸಾಯುತ್ತೆ. ಅದನ್ನ ನೋಡಿ. ಆದರೆ ನಾಲ್ಕು ಇಂಜೆಕ್ಟರ್ ಯಾಕೆ ಅಂತ ನನಗಂತೂ ತಿಳೀಲಿಲ್ಲ. ತೊಂದರೆ ಒಂದರದ್ದು.

ಇನ್ನೊಂದು, ನೀವೇ ಬರೆದಿದ್ದೀರಿ: ಇಳಿಯುವಾಗ ಸರಿ, ಹತ್ತುವಾಗ ಮಿಸ್ಸಿಂಗ್. ನನಗೆ ಅದು ಕೋಡ್‌ಗಿಂತ ದೊಡ್ಡ ಸುಳಿವು. ಆಕ್ಸಿಲರೇಟರ್ ಒತ್ತಿದಷ್ಟೂ ಸಿಲಿಂಡರ್ ಒಳಗೆ ಗಾಳಿ ಹೆಚ್ಚು ತುಂಬುತ್ತೆ, ಒತ್ತಡ ಏರುತ್ತೆ. ಒತ್ತಡದ ಗಾಳಿಯಲ್ಲಿ ಪ್ಲಗ್ಗಿನ ಒಂದು ಮಿಲಿಮೀಟರ್ ಸಂದು ಹಾರೋಕೆ ಕಿಡಿಗೆ ಜಾಸ್ತಿ ವೋಲ್ಟ್ ಬೇಕು, ಸಾವಿರಗಟ್ಟಲೆ ಜಾಸ್ತಿ. ಆಗ ಹೊರಗೆಲ್ಲಾದರೂ ಇದಕ್ಕಿಂತ ಸುಲಭದ ದಾರಿ ಇದ್ದರೆ ಕರೆಂಟು ಅಲ್ಲೇ ಇಳಿದುಬಿಡುತ್ತೆ. ಒಳಗೆ ಕಿಡಿ ಬೀಳಲ್ಲ. ಇಳಿಜಾರಿನಲ್ಲಿ ಒತ್ತಡ ಕಡಿಮೆ, ಬಡಕಲು ಕಿಡಿಯೂ ಸಾಕು.

ಈಗ ನೀವು ಒಂದು ಕೆಲಸ ಮಾಡಿ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ಮೈನಸ್ ಬಿಚ್ಚಿರಬೇಕು. ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕಿಡಿಯ ಕರೆಂಟು ಕೊಡೋದೇ ಕಾಯಿಲ್. ಎರಡನೇ ಸಿಲಿಂಡರಿನ ಕಾಯಿಲ್‌ಗೆ ಒಂದೇ ಬೋಲ್ಟ್ ಇರುತ್ತೆ, ಹೆಚ್ಚಾಗಿ 10ರ ಸ್ಪ್ಯಾನರ್. ಸಾಮಾನ್ಯವಾಗಿ ಬೆಲ್ಟ್ ಇರೋ ಕಡೆಯಿಂದ ಎಣಿಸಿದರೆ ಒಂದು, ಎರಡು. ಕಾಯಿಲ್ ತಿರುಗಿಸುತ್ತಾ ಮೇಲಕ್ಕೆ ಎಳೀರಿ. ಪ್ಲಗ್ಗನ್ನ ಈಗಲೇ ಬಿಚ್ಚಬೇಡಿ. ಮೊದಲು ಪ್ಲಗ್ ಕೂತಿರೋ ಆ ಗುಂಡಿಯೊಳಗೆ ಟಾರ್ಚ್ ಬಿಡಿ. ಎಣ್ಣೆ ಇದೆಯಾ? ನೀರು ಇದೆಯಾ? ತುಕ್ಕು? ಆಮೇಲೆ ಕಾಯಿಲ್‌ನ ರಬ್ಬರ್ ಬೂಟು, ಅಂದರೆ ಪ್ಲಗ್ಗಿನ ಮೇಲೆ ಕೂರೋ ರಬ್ಬರ್ ಕೊಳವೆ, ಮಡಚಿ ಒಳಗೆ ನೋಡಿ, ಪೆನ್ಸಿಲಿನಲ್ಲಿ ಗೀರಿದ ಹಾಗೆ ಗೆರೆ ಏನಾದರೂ ಇದೆಯಾ ಅಂತ.

ಮತ್ತೆ ಒಂದು ಮಾತು, ಇದನ್ನ ಮರೀಬೇಡಿ. ಆ ಚೆಕ್ ಇಂಜಿನ್ ದೀಪ ಮಿಣುಕದೆ ಸುಮ್ಮನೆ ಉರಿದರೆ ನಿಧಾನಕ್ಕೆ ಮನೆ ಸೇರಬಹುದು. ಮಿಣುಕಿದರೆ ಆಕ್ಸಿಲರೇಟರ್ ಬಿಡಿ, ಜಾಗ ಸಿಕ್ಕ ಕಡೆ ನಿಲ್ಲಿಸಿ. ಸುಡದೇ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ. ಅದರೊಳಗಿನ ಜೇನುಗೂಡಿನಂಥ ಜಾಲ ಕರಗಿಬಿಡಬಹುದು. ಆಮೇಲೆ ಬರೋ ಬಿಲ್ ಮುಂದೆ ಇಂಜೆಕ್ಟರ್ ಬಿಲ್ ಏನೂ ಅಲ್ಲ.

ಗಾಡಿ ರಾತ್ರಿ ಎಲ್ಲಿ ನಿಲ್ಲಿಸ್ತೀರಿ? ಅದನ್ನೂ ಬರೀರಿ.

ತೀರ್ಥಹಳ್ಳಿ_ತೋಟ

ಸರ್, ನಿಮ್ಮ ಉತ್ತರವನ್ನು ಅಮ್ಮನಿಗೂ ಓದಿ ಹೇಳಿದೆ. ಇವತ್ತು ಮಧ್ಯಾಹ್ನ ಮಳೆ ಬಿಟ್ಟಾಗ ನೋಡಿದೆ.

ಇಲಿ ಕಡಿದ ಗುರುತು ಎಲ್ಲೂ ಇಲ್ಲ, ಹುಬ್ಬಳ್ಳಿಯವರು ಹೇಳಿದ ಹಾಗೆ ಕನೆಕ್ಟರ್ ಅಲ್ಲಾಡಿಸಿದರೂ ಸದ್ದು ಬದಲಾಗಲಿಲ್ಲ. ಎರಡನೇ ಕಾಯಿಲ್ ಎಳೆದಾಗ ಅದರ ಬೂಟಿನ ತುದಿ ಒದ್ದೆ. ಗುಂಡಿಯ ತಳದಲ್ಲಿ ಕೆಂಪು ನೀರು, ಒಂದು ಚಮಚದಷ್ಟು ಇರಬಹುದು. ಪ್ಲಗ್ಗಿನ ಷಡ್ಭುಜದ ಭಾಗಕ್ಕೆ ತುಕ್ಕು ಹಿಡಿದಿದೆ, ಹಾಕಿ ಎರಡು ತಿಂಗಳೂ ಆಗದ ಪ್ಲಗ್ ಅದು. ಬೂಟಿನ ಒಳಗೆ ನೀವು ಹೇಳಿದ ಗೆರೆ ಇದೆ, ಮೇಲಿನಿಂದ ಕೆಳಗಿನವರೆಗೆ, ಬೂದುಬಣ್ಣದ್ದು. ಒಂದು, ಮೂರು, ನಾಲ್ಕನೇ ಗುಂಡಿ ಒಣಗಿವೆ.

ನಿಮ್ಮ ಉತ್ತರ ಬರುವ ಮುಂಚೆಯೇ ಇನ್ನೊಬ್ಬರ ಮಾತು ಕೇಳಿ ಎರಡನೇ ಕಾಯಿಲನ್ನು ಮೂರಕ್ಕೂ, ಮೂರರದ್ದನ್ನು ಎರಡಕ್ಕೂ ಹಾಕಿ ಪೇಟೆವರೆಗೆ ಓಡಿಸಿ, ಮತ್ತೆ ಮೊದಲಿನಂತೆ ಇಟ್ಟಿದ್ದೆ. ಆಗ ಪಿ0302, ಪಿ0303 ಎರಡೂ ಬಂದವು. ನನಗೆ ತಲೆಬುಡ ತಿಳಿಯಲಿಲ್ಲ.

ಗಾಡಿ ನಿಲ್ಲಿಸುವುದು ಅಂಗಳದ ಅಂಚಿನಲ್ಲಿ, ನೆಲ್ಲಿಮರದ ಕೆಳಗೆ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಈಗ ಸೌದೆ ತುಂಬಿದೆ.

ಹಾಸನ_ಹಳೇಗ್ಯಾರೇಜ್

ನೆಲ್ಲಿಮರ! ಸಿಕ್ತು ನೋಡಿ.

ಮಾವು, ಹಲಸು ಆಗಿದ್ದರೆ ಎಲೆ ದೊಡ್ಡದು, ಮೇಲೇ ನಿಲ್ಲುತ್ತೆ, ಕೈಯಲ್ಲಿ ಬಾಚಿ ಎಸೀತೀರಿ. ನೆಲ್ಲಿ, ಹುಣಸೆ ಎಲೆ ಸಣ್ಣದು. ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೂತಿರೋ ಕಪ್ಪು ಪ್ಲಾಸ್ಟಿಕ್ ಜಾಲರಿ ಇದೆಯಲ್ಲ, ಅದರ ಕಿಂಡಿಯಲ್ಲಿ ಸಲೀಸಾಗಿ ಒಳಗೆ ಉದುರುತ್ತೆ. ಕೆಳಗೆ ತಗಡಿನ ತೊಟ್ಟಿ ಇದೆ. ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಅಲ್ಲಿಗೆ ಇಳಿದು, ಎರಡು ತುದಿಯ ತೂತಿನಿಂದ ಚಕ್ರದ ಹಿಂದೆ ಹೊರಗೆ ಹೋಗಬೇಕು. ಎಲೆ ಕೊಳೆತು ಗೊಬ್ಬರವಾಗಿ ತೂತು ಕಟ್ಟಿದರೆ ನೀರು ತುಂಬಿ, ಅಂಚು ಮೀರಿ ಬಾನೆಟ್ ಒಳಗೆ ಇಂಜಿನ್ ಮೇಲೆ ತೊಟ್ಟಿಕ್ಕುತ್ತೆ. ಯಾವ ಕಾಯಿಲ್ ನೇರ ಕೆಳಗಿದೆಯೋ ಅದಕ್ಕೆ ಬೀಳುತ್ತೆ. ನಿಮ್ಮದರಲ್ಲಿ ಎರಡನೇದು.

ಎರಡು ಕೋಡ್ ಯಾಕೆ ಬಂತು ಅಂದರೆ, ಆ ಬೂದು ಗೆರೆ ಕರೆಂಟು ಹೊರಗೆ ಹರಿದು ಸುಟ್ಟ ಗುರುತು. ಒಂದು ಸಲ ಗೆರೆ ಬಿತ್ತು ಅಂದರೆ ನೀರು ಒಣಗಿದರೂ ಕರೆಂಟಿಗೆ ಅದು ಕಾಲುದಾರಿ. ಗೆರೆ ಬಿದ್ದ ಬೂಟು ಮೂರಕ್ಕೆ ಹೋಯ್ತು, ಅಲ್ಲೂ ಮಿಸ್ಸಿಂಗ್. ಒಳ್ಳೆ ಬೂಟು ನೀರಿರೋ ಎರಡನೇ ಗುಂಡಿಗೆ ಬಂತು, ಅಲ್ಲೂ ಮಿಸ್ಸಿಂಗ್. ನಿಮ್ಮ ಗ್ಯಾರೇಜಿನವರು ಪ್ಲಗ್ ಹೊಸದು ಹಾಕಿದರು, ಬೂಟು ಹಳೇದೇ ಉಳೀತು, ನೀರೂ ನಿಲ್ಲಲಿಲ್ಲ. ಹೊಸ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಅದೇ ಗೆರೆ ಬಿದ್ದಿರುತ್ತೆ, ಬಿಚ್ಚಿದಾಗ ನೋಡಿ. ಹದಿನೈದು ದಿನ ಚೆನ್ನಾಗಿದ್ದದ್ದು ಅದಕ್ಕೇ. ಈ ಕೆಲಸ ನಾನೂ ಹಿಂದೆ ಒಬ್ಬ ಮೇಷ್ಟ್ರ ಗಾಡಿಗೆ ಹೀಗೇ ಅರ್ಧ ಮಾಡಿ ಕಳಿಸಿದ್ದೆ. ಅವರು ಮೂರು ಸಲ ಸಕಲೇಶಪುರದಿಂದ ಬರಬೇಕಾಯ್ತು. ಆ ನೋವು ನನಗೆ ಈಗಲೂ ಇದೆ, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಮಾಡಬೇಕಾದ್ದು: ಮೊದಲು ನೀರು. ಬಾನೆಟ್ ಎತ್ತಿ, ಒಂದು ತಂಬಿಗೆ ನೀರನ್ನ ಜಾಲರಿ ಮೇಲೆ ಹುಯ್ಯಿರಿ. ಚಕ್ರದ ಹಿಂದೆ ನೆಲಕ್ಕೆ ಎಷ್ಟು ಬರುತ್ತೆ, ಇಂಜಿನ್ ಮೇಲೆ ಎಷ್ಟು ಬೀಳುತ್ತೆ ಕಣ್ಣಾರೆ ನೋಡಿ. ವೈಪರ್ ಕೈ, ಜಾಲರಿ ಬಿಚ್ಚಿಸಿ ತೊಟ್ಟಿ ತೊಳೆಸಿ, ತೂತಿಗೆ ತಂತಿ ಆಡಿಸಿ. ಜಾಲರಿಯ ಅಂಚಿನ ರಬ್ಬರ್ ಬೀಡಿಂಗ್ ಹರಿದಿದ್ದರೆ ಬದಲಿಸಿ. ಆಮೇಲೆ ಗುಂಡಿ. ಪ್ಲಗ್ ಬಿಚ್ಚೋಕೆ ಮುಂಚೆ ಗಾಳಿ ಹೊಡೆಸಿ ಒಣಗಿಸಬೇಕು, ಇಲ್ಲದಿದ್ದರೆ ತುಕ್ಕು, ಮರಳು ನೇರ ಸಿಲಿಂಡರ್ ಒಳಗೆ. ಇದರಲ್ಲಿ ಅವಸರ ಬೇಡ. ಎರಡನೇದಕ್ಕೆ ಪ್ಲಗ್ಗೂ ಬೂಟೂ ಒಟ್ಟಿಗೆ ಹೊಸದು. ಬೂಟು ಬಿಡಿಯಾಗಿ ಸಿಗದಿದ್ದರೆ ಕಾಯಿಲ್. ಮೂರನೇ ಪ್ಲಗ್ಗನ್ನೂ ಒಮ್ಮೆ ತೆಗೆದು ನೋಡಿ, ಒಂದು ದಿನ ಕೆಟ್ಟ ಬೂಟು ಅದರ ಮೇಲಿತ್ತು. ಬೂಟಿನ ಬಾಯಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಪ್ಲಗ್ಗನ್ನ ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಪ್ಲಗ್ ಕೂರೋ ಇಂಜಿನ್ ಹೆಡ್ ಅಲ್ಯೂಮಿನಿಯಂ, ಅದರ ಥ್ರೆಡ್ ಹೋದರೆ ಸರಿಮಾಡೋದು ಕಷ್ಟ.

ಕುಂದಾಪುರ_ಗಾಡಿ

ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ನಮ್ಮ ಕಡೆ ಉಪ್ಪುಗಾಳಿ, ಹಾಗಾಗಿ ಕಾಯಿಲ್ ಕನೆಕ್ಟರಿನ ಪಿನ್‌ಗೆ ಹಸಿರು ಬರುತ್ತದೆ. ನಿಮ್ಮದೂ ನೀರು ಕುಡಿದಿದೆ, ಕನೆಕ್ಟರ್ ಒಳಗೆ ನೋಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಇಂಜಿನ್ ಮೇಲೆ ಪ್ರೆಷರ್ ವಾಷ್ ಮಾತ್ರ ಮಾಡಿಸಬೇಡಿ.

ತೀರ್ಥಹಳ್ಳಿ_ತೋಟ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಪೂರ್ತಿ ಖಾತ್ರಿಯಾಗಲಿ ಅಂತ ಕಾದೆ.

ತಂಬಿಗೆ ನೀರು ಹುಯ್ದಾಗ ಅಮ್ಮ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ನೆಲಕ್ಕೆ ಒಂದು ಹನಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎರಡನೇ ಕಾಯಿಲ್ ತಲೆ ಮೇಲೆ ಟಪ್, ಟಪ್ ಅಂತ ಶುರುವಾಯಿತು. "ಅಲ್ಲೇ ಬೀಳ್ತಾ ಉಂಟಲ್ಲೇ" ಅಂದರು ಅಮ್ಮ.

ಊರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರಿಗೆ ನಿಮ್ಮ ಬರಹ ತೋರಿಸಿ ಜಾಲರಿ ಬಿಚ್ಚಿಸಿದೆ. ಒಳಗೆ ಅರ್ಧ ಬಕೆಟ್ ಕಪ್ಪು ಗೊಬ್ಬರ, ಅದರಲ್ಲಿ ಎರೆಹುಳ, ಒಂದು ಮೊಳಕೆ ಕೂಡ. ಪ್ಲಗ್ಗಿನ ಪಿಂಗಾಣಿ ಮೇಲೆ ಗೆರೆ ಇತ್ತು, ನೀವು ಹೇಳಿದ ಹಾಗೆಯೇ. ಬೂಟು ಬಿಡಿ ಸಿಗಲಿಲ್ಲ. ಕಾಯಿಲ್ 1,850, ಎರಡು ಪ್ಲಗ್ 340, ಬೀಡಿಂಗ್ 220, ಕೂಲಿ 600. ಒಟ್ಟು 3,010 ರೂಪಾಯಿ.

ಆಮೇಲೆ ಎರಡು ಸಲ ಮಣಿಪಾಲಕ್ಕೆ ಹೋಗಿ ಬಂದೆವು. ಮೊನ್ನೆ ವಾಪಸ್ ಬರುವಾಗ ಸೋಮೇಶ್ವರದಿಂದಲೇ ಜಡಿಮಳೆ. ಹದಿನಾಲ್ಕೂ ತಿರುವು ಎರಡನೇ ಗೇರಿನಲ್ಲಿ ಹತ್ತಿತು, ಒಮ್ಮೆಯೂ ಜಗ್ಗಲಿಲ್ಲ. ಮೇಲೆ ಬಂದಮೇಲೆ ನೋಡಿದರೆ ಅಮ್ಮ ನಿದ್ದೆ ಹೋಗಿದ್ದರು. ಮನೆಗೆ ಬಂದು ಕಾಯಿಲ್ ಎಳೆದು ಟಾರ್ಚ್ ಬಿಟ್ಟೆ, ಗುಂಡಿ ಒಣಗಿತ್ತು. ಸೌದೆಯನ್ನು ಜಗುಲಿಯ ಹಿಂದಕ್ಕೆ ಸಾಗಿಸಿದ್ದೇವೆ, ಗಾಡಿ ಈಗ ಶೆಡ್ಡಿನಲ್ಲಿ.

ಸರ್, ಒಂದೇ ಒಂದು ಅನುಮಾನ. ಅಷ್ಟು ದಿನ ಮಿಸ್ಸಿಂಗ್‌ನಲ್ಲೇ ಓಡಿಸಿದ್ದೇನೆ. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು?

ಹಾಸನ_ಹಳೇಗ್ಯಾರೇಜ್

ಅಮ್ಮ ನಿದ್ದೆ ಹೋದರು ಅಂದಿರಲ್ಲ, ಓದಿ ಮನಸ್ಸು ತುಂಬಿ ಬಂತು.

ಕರಗಿ ಕಟ್ಟಿಕೊಂಡಿದ್ದರೆ ಹೊಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಗಾಡಿ ಘಾಟಿ ಹತ್ತುತ್ತಲೇ ಇರಲಿಲ್ಲ, ಅಲ್ಲಿಗೆ ಒಂದು ಭಯ ಕಳೀತು. ಒಳಗಿನ ಜೇನುಗೂಡು ಒಡೆದಿದ್ದರೆ, ತಣ್ಣಗಿದ್ದಾಗ ಕೈಯಲ್ಲಿ ಮೆಲ್ಲಗೆ ಗುದ್ದಿದರೆ ಗಲಗಲ ಅನ್ನುತ್ತೆ. ಇನ್ನು ಶಕ್ತಿ ಕುಂದಿದ್ದರೆ ಪಿ0420 ಅಂತ ಕೋಡ್ ಬರುತ್ತೆ. ಹಳೇ ಕೋಡ್ ಅಳಿಸಿ, ಇನ್ನೆರಡು ಸಲ ಮಣಿಪಾಲಕ್ಕೆ ಹೋಗಿ ಬನ್ನಿ, ಆಮೇಲೆ ರೀಡರ್ ಹಾಕಿ. ಅದು ಬಂದರೆ ಇಲ್ಲೇ ಬರೀರಿ, ನೋಡೋಣ.