ಪದಚರ್ಚೆ: ದುಡ್ಡು ಹಾಕದವರನ್ನು 'ನಿರ್ಮಾಪಕ' ಅನ್ನಬಹುದಾ? (ಇವತ್ತೇ ಬೇಕು)

ಕಾರವಾರದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ನಾವು ಕೆಲವರು ಸೇರಿ, ದಡದಿಂದ ಎಳೆದು ಮೀನು ಹಿಡಿಯುವ ರಂಪಣಿ ಬಲೆಯ ಬಗ್ಗೆ ಒಂದು ಕಿರುಚಿತ್ರ ಮಾಡಿದ್ದೇವೆ. 14 ನಿಮಿಷದ್ದು. ಎಡಿಟಿಂಗ್, ಡಬ್ಬಿಂಗ್ ಎಲ್ಲ ಮುಗಿದಿದೆ. ಕೊನೆಯಲ್ಲಿ ಬರುವ ಹೆಸರುಗಳು ಮಾತ್ರ ಬಾಕಿ. ನಾಳೆ ಬೆಳಿಗ್ಗೆ ಸ್ಪರ್ಧೆಗೆ ಕಳಿಸಬೇಕು.

ತೊಡಕಿರುವುದು ಒಬ್ಬಳ ಹೆಸರಿನ ಹತ್ತಿರ. ಅವಳು ನಟಿಸಲಿಲ್ಲ, ಕ್ಯಾಮೆರಾ ಹಿಡಿಯಲಿಲ್ಲ, ಬರೆಯಲೂ ಇಲ್ಲ. ಆದರೆ ಮಾಜಾಳಿಯಲ್ಲಿ ದೋಣಿ ಗೊತ್ತುಮಾಡಿದ್ದು ಅವಳು. ಬಲೆ ಎಳೆಯುವವರನ್ನು ಒಪ್ಪಿಸಿದ್ದು ಅವಳು. ಟಾಗೋರ್ ಕಡಲತೀರದಲ್ಲಿ ಶೂಟಿಂಗಿಗೆ ಪರವಾನಗಿ ಕೇಳಿಕೊಂಡು ಆಫೀಸಿಂದ ಆಫೀಸಿಗೆ ಅಲೆದಿದ್ದು, ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗದ ಹಾಗೆ ಜಾಗ ಹುಡುಕಿದ್ದು, ಗಾಳಿಯಲ್ಲಿ ಮಾತು ಕೇಳದೇ ಹೋದಾಗ ಎಲ್ಲಿಂದಲೋ ಒಳ್ಳೆ ಮೈಕ್ ತಂದಿದ್ದು, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಗಂಜಿ ಊಟ ಹಾಕಿಸಿದ್ದು, ಎಲ್ಲ ಅವಳೇ. ದುಡ್ಡು ಮಾತ್ರ ಅವಳೊಬ್ಬಳದ್ದಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದ್ದೇವೆ. ಒಟ್ಟು ಖರ್ಚು 18,000 ರೂಪಾಯಿ. ಊಟಕ್ಕೂ ಮೈಕ್ ಬಾಡಿಗೆಗೂ ಹೋಗಿದ್ದೇ ಜಾಸ್ತಿ.

ಅವಳ ಹೆಸರಿನ ಮುಂದೆ ಏನು ಬರೆಯಬೇಕು? 'ನಿರ್ಮಾಪಕಿ' ಅಂದರೆ ದುಡ್ಡು ಹಾಕಿದವಳು ಅಂತ ಆಗಲ್ವಾ? 'ಪ್ರೊಡಕ್ಷನ್ ಮ್ಯಾನೇಜರ್' ಬೇಡ ಅಂತ ಅವಳೇ ಹೇಳಿದ್ದಾಳೆ.

ಶಿರಸಿಯಿಂದ:

'ನಿರ್ಮಾಣ ನಿರ್ವಹಣೆ'. ಕನ್ನಡ ಸಿನಿಮಾದಲ್ಲಿ ಮೊದಲಿಂದ ಇದೆ. ಹೊಸದಾಗಿ ಹುಡುಕುವ ಅಗತ್ಯ ಇಲ್ಲ.

'ನಿರ್ಮಾಪಕಿ' ತಪ್ಪು ರೂಪ. ಅಧ್ಯಾಪಕ, ಅಧ್ಯಾಪಿಕೆ, ಹಾಗೆಯೇ ನಿರ್ಮಾಪಕ, ನಿರ್ಮಾಪಿಕೆ. ಇನ್ನೊಂದು ಮಾತು: 'ಕಿರುಚಿತ್ರ' ಅನ್ನುವುದೇ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ತೆರೆಯ ಮೇಲೆ ದೊಡ್ಡಕ್ಷರದಲ್ಲಿ ಹಾಕುವ ಮೊದಲು ಯೋಚಿಸಿ.

ಕುಮಟಾದಿಂದ:

ಮಳೆಗಾಲವೂ ಅರಿಸಮಾಸ, ಚಳಿಗಾಲವೂ ಅರಿಸಮಾಸ. ಅವೆರಡನ್ನೂ ಬಿಟ್ಟು ಘಟ್ಟದ ಮೇಲೆ ಯಾರೂ ಬದುಕಿಲ್ಲ.

'ನಿರ್ಮಾಪಿಕೆ' ಯಾರ ಬಾಯಲ್ಲೂ ಇಲ್ಲ. ಲೇಖಕಿ, ಗಾಯಕಿ, ನಾಯಕಿ ಅಂತ ಕನ್ನಡ ತನ್ನ ದಾರಿ ಹಿಡಿದು ಬಹಳ ಕಾಲ ಆಯಿತು. ನೀವು 'ನಾಯಿಕೆ' ಅಂತ ಬರೆಯುತ್ತೀರಾದರೆ ಮುಂದೆ ಮಾತಾಡೋಣ.

ಹೊನ್ನಾವರದಿಂದ:

ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. 'ನಿರ್ಮಾಪಕ' ಅನ್ನುವ ಪದದೊಳಗೆ ದುಡ್ಡು ಎಲ್ಲಿದೆ?

ಪದ ಬಿಡಿಸಿ ನೋಡಿ. 'ಮಾ' ಧಾತು. ಆಕಾರದಲ್ಲಿ ಮುಗಿಯುವ ಧಾತುವಿಗೆ ಪ್ರೇರಣೆಯಲ್ಲಿ, ಅಂದರೆ ಇನ್ನೊಬ್ಬರಿಂದ ಮಾಡಿಸುವ ಅರ್ಥದಲ್ಲಿ, 'ಪ' ಬರುತ್ತದೆ. ಸ್ಥಾಪಕ, ಜ್ಞಾಪಕ ಎರಡೂ ಹಾಗೇ ಆದದ್ದು. ಅಧ್ಯಾಪಕ ಅಂದರೆ ಓದುವವನಲ್ಲ, ಓದಿಸುವವನು. ಅದೇ ಲೆಕ್ಕದಲ್ಲಿ ನಿರ್ಮಾಪಕ ಅಂದರೆ ಮಾಡುವವನಲ್ಲ, ಮಾಡಿಸುವವನು. ಸುತ್ತಲಿನವರನ್ನು ನೋಡಿ. ತೆಲುಗಿನಲ್ಲಿ 'ನಿರ್ಮಾತ', ಮಲೆಯಾಳದಲ್ಲಿ 'ನಿರ್ಮಾತಾವು', ಮರಾಠಿಯಲ್ಲೂ ಹಿಂದಿಯಲ್ಲೂ 'ನಿರ್ಮಾತಾ'. ಅವರೆಲ್ಲರ ಪದಕ್ಕೆ ಮಾಡುವವನು ಅಂತಲೇ ಅರ್ಥ. ಕನ್ನಡ ಮಾತ್ರ ಆ 'ಪ'ವನ್ನು ಉಳಿಸಿಕೊಂಡಿದೆ. ಈ ಕೆಲಸಕ್ಕೆ ಇದಕ್ಕಿಂತ ಸರಿಯಾದ ಪದ ಬೇರೆ ಯಾರಲ್ಲೂ ಇಲ್ಲ ಅಂತ ನನಗೆ ಅನ್ನಿಸುತ್ತದೆ. ದೋಣಿಯವರಿಂದ, ಬಲೆಯವರಿಂದ, ಆಫೀಸಿನವರಿಂದ ಕೆಲಸ ಮಾಡಿಸಿದವಳು ಆ ಹುಡುಗಿ. ಅವಳೇ ನಿರ್ಮಾಪಕಿ. ದುಡ್ಡಿನ ಅರ್ಥ ಆಮೇಲೆ ಮಾರುಕಟ್ಟೆಯಿಂದ ಬಂದು ಅಂಟಿಕೊಂಡದ್ದು.

'ನಿರ್ಮಾಣ ನಿರ್ವಹಣೆ' ಅಂದರೆ ಇನ್ನೊಬ್ಬರ ಕೈಕೆಳಗೆ ದುಡಿದ ಹಾಗೆ ಆಗುತ್ತದೆ. ಇಲ್ಲಿ ಅವಳ ಮೇಲೆ ಯಾರಿದ್ದರು?

ಶಿರಸಿಯಿಂದ:

ಧಾತುವಿನ ವಿಚಾರ ಸರಿ. ಆದರೆ ಕನ್ನಡದಲ್ಲಿ 'ಮಾಡಿಸು' ಅನ್ನುವಾಗಿನ 'ಇಸು' ಬಂದಲ್ಲಿ ದುಡ್ಡೂ ಬರುತ್ತದೆ. ಹರಕೆಯ ಯಕ್ಷಗಾನದಲ್ಲಿ 'ಆಟ ಆಡಿಸಿದವರು' ಅಂದರೆ ಖರ್ಚು ಹೊತ್ತ ಮನೆಯವರು. ಪದ ಹಾಡಿ ಕುಣಿಸುವ ಭಾಗವತರಿಗೆ ಹಾಗೆ ಅನ್ನುವುದಿಲ್ಲ. 'ಮನೆ ಕಟ್ಟಿಸಿದವರು' ಅಂದರೂ ದುಡ್ಡು ಕೊಟ್ಟವರೇ. ಮಾಡಿಸುವವನು ಅಂತಲೇ ಅರ್ಥವಾದರೆ ನಿಮ್ಮ ವಾದ ನಿಮಗೇ ತಿರುಗುತ್ತದೆ.

ಹೊನ್ನಾವರದಿಂದ:

ಇಲ್ಲ. ಮದುವೆ ಮಾಡಿದವರು ಹೆಣ್ಣಿನ ಅಪ್ಪ. ಮಾಡಿಸಿದವರು ಭಟ್ಟರು. ಖರ್ಚು ಯಾರದು? ಭಟ್ಟರು ದಕ್ಷಿಣೆ ತೆಗೆದುಕೊಂಡು ಹೋಗುತ್ತಾರೆ. 'ಇಸು' ಹೇಳುವುದು ಯಾರು ನಡೆಸಿದರು ಅನ್ನುವುದನ್ನು ಮಾತ್ರ.

ಅಂಕೋಲೆಯಿಂದ:

ಸಂಸ್ಕೃತದ ವ್ಯಾಕರಣ ಹಿಡಿದು ಕನ್ನಡದ ಪ್ರಶ್ನೆಗೆ ಉತ್ತರ ಹೇಳುವುದನ್ನು ಯಾವಾಗ ನಿಲ್ಲಿಸುತ್ತೀರಿ? ನಮ್ಮದೇ 'ಇಸು' ಇರುವಾಗ ಅವರ 'ಪ' ಯಾಕೆ? 'ಮಾಡಿಸಿದವರು' ಅಂತ ಬರೆಯಿರಿ. ಗಂಡಿಗೂ ಹೆಣ್ಣಿಗೂ ಒಂದೇ ರೂಪ. ಪಕಿ, ಪಿಕೆ ಜಗಳವೇ ಇರುವುದಿಲ್ಲ. ನಿರ್ದೇಶಕ, ಸಂಕಲನ, ಛಾಯಾಗ್ರಹಣ ಎಲ್ಲವೂ ಎರವಲು. ಎರವಲು ಪದದಲ್ಲಿ ಹೆಸರು ಹಾಕಿಕೊಳ್ಳುವುದಕ್ಕಿಂತ ಸುಮ್ನೆ ಹೆಸರಷ್ಟೇ ಹಾಕುವುದು ವಾಸಿ. ತಮಿಳರನ್ನು ನೋಡಿ ಕಲಿಯಬೇಕು.

ಕಾರವಾರದಿಂದ, ಇನ್ನೊಬ್ಬರು:

ತಮಿಳಿನಲ್ಲಿ ನಿರ್ಮಾಪಕನಿಗೆ 'ತಯಾರಿಪ್ಪಾಳರ್' ಅನ್ನುತ್ತಾರೆ. ಅದರೊಳಗೆ ಇರುವುದು ನಮ್ಮ ನಿಮ್ಮ 'ತಯಾರ್'. ಅರಬ್ಬಿ, ಫಾರಸಿ ಕಡೆಯಿಂದ ಬಂದದ್ದು. ಕಲಿಯುವುದಿದ್ದರೆ ಅದನ್ನೂ ಕಲಿಯಿರಿ.

ನನ್ನ ಮನೆಮಾತು ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಈ ಊರಲ್ಲಿ ಮೇಜು, ಚಾವಿ, ಬಟಾಟೆ, ಪಗಾರ ಅನ್ನದೆ ದಿನ ಕಳೆಯುವುದಿಲ್ಲ. ನಾಲ್ಕೂ ಪೋರ್ಚುಗೀಸಿನವು. ಎರವಲು ಬೇಡ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ನಿಜವಾಗಿ ಬೇಸರ ಆಗುತ್ತದೆ. ಅದರ ಹಿಂದೆಯೇ 'ನೀವು ಆಡುವುದು ಕನ್ನಡ ಅಲ್ಲ' ಅನ್ನುವ ಮಾತೂ ಬರುತ್ತದೆ. ಬೇಕಾದಷ್ಟು ಸಲ ಕೇಳಿಸಿಕೊಂಡಿದ್ದೇನೆ.

ಅಂಕೋಲೆಯಿಂದ:

ಕೊಂಕಣಿಯವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಚಾವಿ ಜನರ ಬಾಯಿಂದ ಬಂದದ್ದು, ಅದರ ಮೇಲೆ ನನಗೆ ತಕರಾರಿಲ್ಲ. 'ಛಾಯಾಗ್ರಹಣ' ಯಾರ ಬಾಯಿಂದ ಬಂತು? ಬಲೆ ಎಳೆದವರಿಗೆ ಈ ಸಿನಿಮಾ ತೋರಿಸುವಾಗ ಅವರಿಗೆ ಆ ಪದ ಗೊತ್ತಾಗುತ್ತದಾ? ನಾನು ಕೇಳುತ್ತಿರುವುದು ಅಷ್ಟೇ.

ಕುಮಟಾದಿಂದ:

ಆ ಮಾತು ಒಪ್ಪುತ್ತೇನೆ. 'ಕ್ಯಾಮೆರಾ' ಅಂತಲೇ ಬರೆಯಲಿ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಮಕ್ಕಳು ಕಾಯುತ್ತಿದ್ದಾರೆ.

ಕಾರವಾರದಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಅವಳಿಗೆ ಎಲ್ಲವನ್ನೂ ಓದಿ ಹೇಳಿದೆ. 'ನಿರ್ಮಾಪಕಿ' ಇರಲಿ ಅಂದಳು. ಭಟ್ಟರ ಉದಾಹರಣೆ ಅವಳಿಗೆ ಹಿಡಿಸಿತು. ದುಡ್ಡು ಹಾಕಿದ ನಮ್ಮೆಲ್ಲರ ಹೆಸರು ಬೇರೆ ಕಾರ್ಡಿನಲ್ಲಿ 'ಖರ್ಚು ಹಂಚಿಕೊಂಡವರು' ಅಂತ ಬರುತ್ತದೆ. 'ಕ್ಯಾಮೆರಾ' ಆಯಿತು. 'ಕಿರುಚಿತ್ರ' ಹಾಗೇ ಇದೆ, ಶಿರಸಿಯ ಹಿರಿಯರು ಕ್ಷಮಿಸಬೇಕು.

ಇನ್ನೊಂದೇ ಬಾಕಿ. ರಂಪಣಿಯನ್ನು ದೋಣಿಯಿಂದ ಅರ್ಧ ಸುತ್ತಿಗೆ ಬಿಟ್ಟು, ಎರಡು ತುದಿಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಾರೆ. 1970ರ ದಶಕದಲ್ಲಿ, ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಈ ಬಲೆ ಕಡಿಮೆಯಾಯಿತು. ನಮಗಾಗಿ ಎಳೆದವರಲ್ಲಿ ವಯಸ್ಸಾದವರೇ ಜಾಸ್ತಿ. ಅವರನ್ನು 'ಪಾತ್ರವರ್ಗ' ಅಂತ ಹಾಕಬೇಕಾ, 'ಸಹಕಾರ' ಅಂತ ಹಾಕಬೇಕಾ?

ಅಂಕೋಲೆಯಿಂದ:

ಎರಡೂ ಬೇಡ. ಅವರು ಪಾತ್ರ ಮಾಡಿಲ್ಲ, ತಮ್ಮ ಕೆಲಸ ಮಾಡಿದ್ದಾರೆ. 'ಬಲೆ ಎಳೆದವರು' ಅಂತ ಬರೆಯಿರಿ.

ಶಿರಸಿಯಿಂದ:

ಇದು ಸರಿ. ಹಿಡಿದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು ಇರುತ್ತದೆ, ಅಲ್ವಾ? ಹಾಗಾದರೆ 'ಮತ್ತು ಸಂಗಡಿಗರು' ಅಂತ ಮುಗಿಸಬೇಡಿ. ಒಬ್ಬರನ್ನೂ ಬಿಡದೆ ಹೆಸರು ಹಾಕಿ.